ಯಾರ ಮನಿ ಬಿಟ್ಟೀರಿ?

ಗಾಣಗಾಪುರದಲ್ಲಿ ಮಧ್ಯಾಹ್ನವೆಂದರೆ ಮಧುಕರಿಯ ಹೊತ್ತು. ದತ್ತನ ದರ್ಶನಕ್ಕೆ ಬಂದವರು ಎಷ್ಟೇ ಉಳ್ಳವರಿರಲಿ, ಜೋಳಿಗೆ ಹಿಡಿದು ಐದು ಮನೆಯ ಮುಂದೆ ನಿಲ್ಲುತ್ತಾರೆ. ಒಳಗಿಂದ ರೊಟ್ಟಿಯ ಚೂರೋ ಒಂದು ಹಿಡಿ ಅನ್ನವೋ ಬಂದು ಜೋಳಿಗೆಗೆ ಬೀಳುತ್ತದೆ. ಭೀಮೆ ಮತ್ತು ಅಮರ್ಜೆ ಕೂಡುವ ಈ ಊರಿಗೆ ಕೊಡುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಆದರೆ ನಾನು ಹುಡುಕಿಕೊಂಡು ಹೋಗಿದ್ದು, ಊರ ಕೆಲಸವನ್ನು ಕಲಿತು ಮಾಡಿದ ಒಬ್ಬ ಅಕ್ಕನನ್ನು. ‘ಹೆಸರು ಬರೀಬ್ಯಾಡ್ರಿ, ಸಂಘದ ಅಕ್ಕ ಅಂದ್ರ ಸಾಕು’ ಎಂದರು. ಎಸ್ಸೆಸ್ಸೆಲ್ಸಿಗೆ ಓದು ನಿಂತಿತ್ತು. ಕಲಬುರಗಿ ಜಿಲ್ಲೆಯ ಬೇರೊಂದು ತಾಲ್ಲೂಕಿನಲ್ಲಿ, ಹೆಣ್ಣುಮಕ್ಕಳ ಸಂಘ ಕಟ್ಟುವ ಮಹಿಳಾ ಸಮಖ್ಯಾ ಕಾರ್ಯಕ್ರಮದ ಸಹಯೋಗಿನಿಯಾಗಿ ಹತ್ತು ಹಳ್ಳಿ ಸುತ್ತಿದವರು. ಈಗ ಊರಿನ ಸಂಘಗಳ ಹೆಣ್ಣುಮಕ್ಕಳಿಗೆ ಲೆಕ್ಕ ಬರೆಯುವುದನ್ನೂ ಸಭೆ ನಡೆಸುವುದನ್ನೂ ಹೇಳಿಕೊಡುತ್ತಾರೆ.

‘ತರಬೇತ್ಯಾಗ ಏನು ಕಲಿಸ್ತಿದ್ರು?’ ಎಂದು ಕೇಳಿದೆ. ಆಕೆ ಎದ್ದು ಹೋಗಿ ರಂಗೋಲಿ ಡಬ್ಬಿ, ಒಂದು ಬಟ್ಟಲು ತೊಗರಿ, ಒಂದು ಹಿಡಿ ಜೋಳ, ನಾಕು ಬೇವಿನೆಲೆ ತಂದರು. ಪಡಸಾಲೆಯ ನೆಲದ ಮೇಲೆ ಮೊದಲು ಹಳ್ಳ ಹರಿಯಿತು. ಹಳ್ಳದ ಪಕ್ಕ ದಾರಿ, ದಾರಿಯ ಪಕ್ಕ ಗುಡಿ, ಶಾಲೆ, ಬೋರ್‌ವೆಲ್. ಬೇವಿನೆಲೆ ಇಟ್ಟಲ್ಲಿ ಗಿಡ. ತೊಗರಿ ಕಾಳು ಒಂದೊಂದು ಮನೆ. ಮನೆಯ ಮುಂದೆ ಇಟ್ಟ ಜೋಳದ ಕಾಳು ಆ ಮನೆಯ ಮಂದಿ. ಐದೇ ನಿಮಿಷಕ್ಕೆ ಒಂದು ಊರು ಎದ್ದು ಕೂತಿತು. ಆಮೇಲೆ ರಂಗೋಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ‘ಈಗ ನಿಮ್ಮ ಊರು ಬರೀರಿ’ ಎಂದು ಗೋಡೆಗೆ ಒರಗಿ ಕೂತರು.

ನಾನು ಬರೆದೆ. ಆಕೆ ಒಂದೂ ಮಾತಾಡಲಿಲ್ಲ. ಬರೆದು ಮುಗಿಸಿ ತಲೆ ಎತ್ತಿದಾಗ ಕೇಳಿದ್ದು ಒಂದೇ ಪ್ರಶ್ನೆ: ‘ಯಾರ ಮನಿ ಬಿಟ್ಟೀರಿ?’

ಬಿಟ್ಟಿದ್ದೆ. ಊರ ಹೊರಗಿನ ಓಣಿಯನ್ನೇ ಬಿಟ್ಟಿದ್ದೆ. ‘ಎಲ್ಲಾರೂ ಬಿಡ್ತಾರ್ರಿ. ನಾನೂ ಮೊದಲ ಸಲ ಬಿಟ್ಟಿದ್ದೆ. ಒಬ್ಬಾಕಿ ಗಂಡ ಸತ್ತಾಕಿ ಮನಿ, ಪುಣೆಕ್ಕ ದುಡಿಲಾಕ ಹೋದವರ ಬೀಗ ಹಾಕಿದ ಮನಿ. ಕಾಳು ಇಡೂಮುಂದ ನಮ್ಮ ಕೈ ಅಲ್ಲಿಗಿ ಹೋಗೂದೇ ಇಲ್ಲ. ಕೈ ಅಲ್ಲಿಗಿ ಒಯ್ಯೂದೇ ತರಬೇತಿ’ ಎಂದರು. ಸಂಘ ಕಟ್ಟಲು ಹೋದಾಗ ಮೊದಲು ಮಾತಾಡಿಸಬೇಕಾದ್ದು ಆ ಬಿಟ್ಟುಹೋದ ಮನೆಯವರನ್ನೇ ಎಂದು ಆಕೆ ಮೂರು ಸಲ ಹೇಳಿದರು. ನಕ್ಷೆ ಬರೆಯುವಾಗ ಕಲಿಸುವಾಕೆ ಸುಮ್ಮನೆ ಕೂರಬೇಕು. ಡಬ್ಬಿ ಊರವರ ಕೈಯಲ್ಲೇ ಇರಬೇಕು. ‘ಮಾತಾಡೂದು ಎಲ್ಲಾರಿಗೂ ಬರ್ತದ. ನಮಗ ಸುಮ್ಮನ ಕೂಡ್ಲಾಕ ಕಲಿಸಿದ್ರು. ಅದು ಬರ್ಲಾಕ ಎರಡು ವರ್ಷ ಹಿಡೀತು.’

ಈ ನೆಲದ ಪಾಠಕ್ಕೆ ನಮ್ಮ ಜಿಲ್ಲೆಯಲ್ಲೇ ಬೇರಿದೆ. 1968ರಲ್ಲಿ ಶುರುವಾಗಿ, ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕೆಲಸದಿಂದ ಹೊರಟ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಕಮಲಾಪುರದ ಕಡೆ ರಾಜ್ಯ ಸರ್ಕಾರ ಮತ್ತು ಸ್ವಿಸ್ ನೆರವಿನೊಂದಿಗೆ ಜಲಾನಯನ ಕೆಲಸಕ್ಕೆ ಇಳಿಯಿತು. ಒಡ್ಡು ಎಲ್ಲಿ ಹಾಕಬೇಕೆಂದು ರೈತರೇ ನೆಲದ ಮೇಲೆ ಬರೆದು ತೋರಿಸುವ ಪದ್ಧತಿ ಅಲ್ಲಿ ಬೆಳೆಯಿತು. ಇಂಗ್ಲೆಂಡಿನ ಗ್ರಾಮಾಭಿವೃದ್ಧಿ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಮೈರಾಡದವರ ಜೊತೆ ಕೂತು ಈ ವಿಧಾನವನ್ನು ಜಗತ್ತಿಗೆ ಪರಿಚಯಿಸಿದರು. 1991ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಅದನ್ನು ಕಲಿಸುವವರದೇ ಒಂದು ಕಾರ್ಯಾಗಾರ ನಡೆಯಿತು. ದೇಶದ ಸ್ವಸಹಾಯ ಸಂಘಗಳ ಕಥೆಯಲ್ಲೂ ಮೈರಾಡದ ಹೆಸರಿದೆ. 1987ರಲ್ಲಿ ನಬಾರ್ಡ್ ಅದಕ್ಕೆ ಕೊಟ್ಟ 10 ಲಕ್ಷ ರೂಪಾಯಿಯ ಪ್ರಯೋಗದ ಅನುಭವದ ಮೇಲೆಯೇ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಬಂತು. ಅಕ್ಕನಿಗೆ ಈ ಇಸವಿಗಳ ಲೆಕ್ಕವಿಲ್ಲ. ‘ಕಮಲಾಪುರದ ಕಡೆಯವರು ಕಲಿಸಿದ್ದು ಅಂತ ಕೇಳೀವಿ’ ಎಂದಷ್ಟೇ ಹೇಳುತ್ತಾರೆ.

ಮಹಿಳಾ ಸಮಖ್ಯಾ 1989ರಲ್ಲಿ ಬಂತು. ಕರ್ನಾಟಕದಲ್ಲಿ ಮೊದಲು ಬೀದರ್, ಬಿಜಾಪುರ, ಮೈಸೂರು. ಆಮೇಲೆ ಗುಲ್ಬರ್ಗಾ, ರಾಯಚೂರು. ಹಳ್ಳಿಯ ಓದಿದ, ಅರ್ಧ ಓದಿದ ಹೆಣ್ಣುಮಕ್ಕಳನ್ನೇ ಸಹಯೋಗಿನಿಯರನ್ನಾಗಿ ಆರಿಸಿ, ಇಷ್ಟು ದಿನಕ್ಕೆ ಇಷ್ಟು ಸಂಘ ಎಂಬ ಗುರಿ ಹೇರದೆ ಅವರನ್ನು ಬೆಳೆಸಿದ್ದು ಅದರ ದೊಡ್ಡತನ. ‘ಮನಿ ಬಿಟ್ಟು ಹೊರಗ ಮಲಗಿದ್ದೇ ಮೊದಲ ತರಬೇತ್ಯಾಗ. ರಾತ್ರಿ ಎಲ್ಲಾರೂ ಅತ್ತಿವಿ, ಮುಂಜಾನೆ ಎಲ್ಲಾರೂ ಹಾಡಿದಿವಿ’ ಎಂದು ಅಕ್ಕ ನೆನೆದರು. ಸೈಕಲ್ ಕಲಿತರು, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು, ತಹಸೀಲ್ದಾರರ ಮುಂದೆ ಕುರ್ಚಿಯ ಮೇಲೆ ಕೂತು ಮಾತಾಡಿದರು. 2016ರಲ್ಲಿ ಆ ಕಾರ್ಯಕ್ರಮಕ್ಕೆ ಕೇಂದ್ರದ ಅನುದಾನ ನಿಂತಿತು. ಅಷ್ಟು ವರ್ಷ ಕಲಿತ ಹೆಂಗಸರು ಒಂದು ಚೀಟಿಯೂ ಇಲ್ಲದೆ ಮನೆಗೆ ಬಂದರು. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಈಗಿನದು ಸಂಜೀವಿನಿ. 2011ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ಕರ್ನಾಟಕದ ರೂಪ ಅದು. ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಒಬ್ಬ ಮುಖ್ಯ ಪುಸ್ತಕ ಬರಹಗಾರ್ತಿ, ಊರೂರಿಗೆ ಸಂಪನ್ಮೂಲ ವ್ಯಕ್ತಿಗಳು, ಕೃಷಿ ಸಖಿ, ಪಶು ಸಖಿ, ಬ್ಯಾಂಕಿನ ಬಿ.ಸಿ. ಸಖಿ. ವಾರದ ಸಭೆ, ವಾರದ ಉಳಿತಾಯ, ಒಳಸಾಲ, ಸಮಯಕ್ಕೆ ಮರುಪಾವತಿ, ಸರಿಯಾದ ಲೆಕ್ಕ: ಈ ಪಂಚಸೂತ್ರದಿಂದಲೇ ಪಾಠ ಶುರು. ಹೊಸ ಹುಡುಗಿಯರು ಮೊಬೈಲಿನಲ್ಲೇ ಲೆಕ್ಕ ಏರಿಸುತ್ತಾರೆ. ಅಕ್ಕನಿಗೆ ಅದರ ಬಗ್ಗೆ ಹೆಮ್ಮೆ. ಆದರೂ ನಕ್ಷೆ ಬರೆಸಲು ಈಗ ಯಾರಿಗೂ ಪುರುಸೊತ್ತಿಲ್ಲ ಎಂಬ ಕೊರಗಿದೆ.

ಇಂಥ ಕಲಿಕೆಗೆ ಮುಂದೇನು ಎಂಬ ಪ್ರಶ್ನೆಗೆ ಸಣ್ಣ ಉತ್ತರಗಳು ಹುಟ್ಟಿಕೊಂಡಿವೆ. ಕೃಷಿ ಸಖಿಯರಿಗೆ 56 ದಿನಗಳ ತರಬೇತಿ ಕೊಟ್ಟು, ಕೃಷಿ ವಿಸ್ತರಣೆಯ ಸಹಾಯಕಿಯರೆಂದು ಪ್ರಮಾಣಪತ್ರ ಕೊಡುವ ಕೆಲಸ ಮೊದಲ ಹಂತದಲ್ಲಿ 12 ರಾಜ್ಯಗಳಲ್ಲಿ ಶುರುವಾಯಿತು, ಕರ್ನಾಟಕವೂ ಅದರಲ್ಲಿದೆ. 2024ರ ಜೂನ್‌ನಲ್ಲಿ ವಾರಾಣಸಿಯಲ್ಲಿ 30,000ಕ್ಕೂ ಹೆಚ್ಚು ಸಖಿಯರಿಗೆ ಪ್ರಮಾಣಪತ್ರ ಸಿಕ್ಕಿತು. ಆಶಾ ಕಾರ್ಯಕರ್ತೆಯರ ಕಲಿಕೆಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪ್ರಮಾಣಪತ್ರದ ದಾರಿ ಇದೆ. ಆದರೆ ಊರವರನ್ನು ಒಂದು ಕಡೆ ಕೂರಿಸುವ, ಜಗಳ ಬಿಡಿಸುವ, ಬಿಟ್ಟುಹೋದ ಮನೆಯನ್ನು ನೆನಪಿಸುವ ಈ ಅಕ್ಕನಂಥವರ ವಿದ್ಯೆಗೆ ಯಾವ ದರ್ಜೆಯೂ ಇಲ್ಲ. ಸಂಸ್ಥೆಗಳ ಒಳಗೂ ಹೀಗೆಯೇ. ಪದವಿ ಪಡೆದು ಬಂದವರು ಸಂಯೋಜಕರಾಗುತ್ತಾರೆ, ಅವರಿಗೆ ಊರು ತೋರಿಸಿದಾಕೆ ಕಾರ್ಯಕರ್ತೆಯಾಗಿಯೇ ಉಳಿಯುತ್ತಾಳೆ. ಸಮಾಜಕಾರ್ಯದ ಓದು ನಮ್ಮಲ್ಲಿ ಹೊಸದಲ್ಲ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರದು, ಮಂಗಳೂರಿನ ರೋಶನಿ ನಿಲಯ 1960ರದು. ಆ ಓದು ಮತ್ತು ಈ ಪಡಸಾಲೆಯ ನಡುವೆ ಹಾದಿ ಮಾತ್ರ ಬಿದ್ದಿಲ್ಲ.

ನಾನು ಹೊರಡುವ ಹೊತ್ತಿಗೆ ಸಂಜೆಯಾಗಿತ್ತು. ದೀಪ ಹಚ್ಚುವ ಮೊದಲು ಅಕ್ಕ ಕಸಬರಿಗೆ ತಂದು ಎರಡೂ ಊರುಗಳನ್ನು ಗುಡಿಸಿದರು. ರಂಗೋಲಿಯ ಬಿಳುಪು ನೆಲದಲ್ಲಿ ತುಸು ಉಳಿಯಿತು. ತೊಗರಿಯನ್ನು ಒಂದು ಕಾಳೂ ಬಿಡದಂತೆ ಆರಿಸಿ, ಊದಿ, ಬಟ್ಟಲಿಗೆ ಹಾಕಿ ಒಳಗಿಟ್ಟರು.

ಪಕ್ಕದ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ 1980ರಿಂದ ಗುಲ್ಬರ್ಗಾ ವಿಶ್ವವಿದ್ಯಾಲಯವಿದೆ. ಅಲ್ಲಿನ ಅಧ್ಯಾಪಕರಲ್ಲಿ ಒಂದು ವಿನಂತಿ. ಅಫಜಲಪುರ, ಜೇವರ್ಗಿ, ಆಳಂದದ ಹಳ್ಳಿಗಳಲ್ಲಿ ಇಂಥ ಅಕ್ಕಂದಿರು ಇನ್ನೂ ಇದ್ದಾರೆ. ವರ್ಷಕ್ಕೆ ನಾಲ್ಕು ದಿನವಾದರೂ ಅವರನ್ನು ತರಗತಿಗೆ ಕರೆಸಿ, ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಕೊಟ್ಟು ಕಲಿಸಲು ಹೇಳಿ. ಅವರು ಕಲಿತದ್ದನ್ನು ಅಳೆದು ಒಂದು ಪ್ರಮಾಣಪತ್ರ ಕೊಡಿ. ಬೇಗ ಕರೆಸಿ, ಗಾಣಗಾಪುರದ ಅಕ್ಕನಿಗೆ ಆಗಲೇ ಅರವತ್ತು ದಾಟಿದೆ, ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕಾಗಿದೆ.