ಬಜಾರಿನ ನಡುವಿನ ಮನೆಗಳು, ಕಮಲಾಪುರದ ಬಾಳೆ

ಕಲಬುರಗಿ ನಗರದ ನಡುಭಾಗವನ್ನು ಮಾರುಕಟ್ಟೆಯೆಂದೇ ಬಲ್ಲವರು ಹೆಚ್ಚು. ಅದು ಅನೇಕ ಕುಟುಂಬಗಳು ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ ವಸತಿ ಪ್ರದೇಶವೂ ಹೌದೆಂಬುದು ಹೊರಗಿನವರ ಗಮನಕ್ಕೆ ಬರುವುದು ಕಡಿಮೆ. ನಗರ ಸಾರಿಗೆಯ ಬಸ್ಸುಗಳು ಬಂದು ಸೇರುವ ಸೂಪರ್ ಮಾರ್ಕೆಟ್, ಅಲ್ಲಿಂದ ನಡೆದೇ ತಲುಪಬಹುದಾದ ಚೌಕ, ಕಿರಾಣಾ ಬಜಾರ್ ಮತ್ತು ಕಪಡಾ ಬಜಾರ್, ಶರಣಬಸವೇಶ್ವರ ದೇವಾಲಯವಿರುವ ಬ್ರಹ್ಮಪುರ, ಹಳೆಯ ಶಹಾಬಜಾರ್, ಇತ್ತ ಜಗತ್ ವೃತ್ತ ಇಷ್ಟನ್ನೂ ಸೇರಿಸಿ ನಡು ಊರೆಂದು ಕರೆಯಬಹುದು. 2011ರ ಜನಗಣತಿಯ ವೇಳೆಗೇ ಐದು ಲಕ್ಷ ದಾಟಿದ್ದ ಈ ನಗರ ಆನಂತರ ಸೇಡಂ ರಸ್ತೆ, ಜೇವರ್ಗಿ ರಸ್ತೆಗಳ ಗುಂಟ ಹೊಸ ಬಡಾವಣೆಗಳಾಗಿ ಹರಡುತ್ತಲೇ ಇದೆ. ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ, ವಿಮಾನ ನಿಲ್ದಾಣ ಎಲ್ಲವೂ ನಡು ಊರಿನಿಂದ ದೂರದಲ್ಲಿ ನೆಲೆಗೊಂಡಿವೆ. ಹೀಗಿದ್ದರೂ ಮದುವೆಯ ಬಟ್ಟೆಗೆ, ಹಬ್ಬದ ಕಿರಾಣಿಗೆ, ರಿಪೇರಿಗೆ ಬಂದ ಮಿಕ್ಸರಿಗೆ, ಸಂಜೆಯ ಬಿಸಿ ಮಿರ್ಚಿ ಭಜಿಗೆ ಹೊಸ ಬಡಾವಣೆಯವರು ಇಲ್ಲಿಗೇ ಬರುತ್ತಾರೆ, ಮತ್ತು ಬಂದವರು ತಮ್ಮ ಕೆಲಸ ಮುಗಿಸಿ ಹೊರಟ ಮೇಲೂ ಇಲ್ಲಿಯೇ ಉಳಿಯುವ ಜನರ ಬದುಕು ಹೇಗಿದೆಯೆಂಬುದನ್ನು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ.

ನಡು ಊರಿನ ಮನೆಗಳ ರಚನೆಯೇ ಅಲ್ಲಿಯ ಜೀವನಕ್ರಮವನ್ನು ಬಹುಮಟ್ಟಿಗೆ ನಿರ್ಧರಿಸಿದೆ. ಬೀದಿಗೆ ಮುಖಮಾಡಿದ ಅಂಗಡಿ, ಅದರ ಪಕ್ಕದಲ್ಲಿ ಒಬ್ಬರು ಮಾತ್ರ ನುಗ್ಗಬಹುದಾದ ಓಣಿಯಂಥ ದಾರಿ, ಆ ದಾರಿಯ ಕೊನೆಯಲ್ಲಿ ಅಂಗಳ, ಅಂಗಳದ ಸುತ್ತ ಕೋಣೆಗಳು, ಮೇಲೆ ಮಾಳಿಗೆ, ಅಂದರೆ ಸಮತಟ್ಟಾದ ಬಿಸಿಲುಮಚ್ಚು. ಇದು ಹಳೆಯ ಮನೆಗಳ ಸಾಮಾನ್ಯ ವಿನ್ಯಾಸ. ನೆಲಕ್ಕೆ ಹಾಸಿರುವುದು ಹೆಚ್ಚಾಗಿ ಪರಸಿ ಕಲ್ಲು, ಅಂದರೆ ಇದೇ ಜಿಲ್ಲೆಯ ಶಹಾಬಾದ್ ಸುತ್ತಿನ ಗಣಿಗಳಿಂದ ಪದರ ಪದರವಾಗಿ ಎಬ್ಬಿಸಿ ತರುವ ಸುಣ್ಣಕಲ್ಲಿನ ಚಪ್ಪಡಿ. ಮೇ ತಿಂಗಳಲ್ಲಿ ತಾಪಮಾನ 43 ಡಿಗ್ರಿಗೂ ಮೇಲೇರುವ ಈ ಊರಿನಲ್ಲಿ ದಪ್ಪ ಗೋಡೆಯ ಒಳಕೋಣೆಯ ಪರಸಿ ಕಲ್ಲಿನ ಮೇಲೆ ಬರಿಮೈಯಲ್ಲಿ ಮಲಗುವ ಸುಖವನ್ನು ಹೊಸ ಬಡಾವಣೆಯ ಕಾಂಕ್ರೀಟ್ ಮನೆಗಳು ಕೊಡಲಾರವು. ಆದರೆ ಹಳೆಯ ಮನೆ ಪಾಲಾಗುತ್ತಾ ಹೋದಂತೆ ಅಂಗಳ ಗೋದಾಮಾಗುತ್ತದೆ, ಪಡಸಾಲೆ ಮಳಿಗೆಯಾಗಿ ಬಾಡಿಗೆಗೆ ಹೋಗುತ್ತದೆ, ಕುಟುಂಬ ಒಂದೊಂದೇ ಅಂತಸ್ತು ಮೇಲಕ್ಕೆ ಸರಿಯುತ್ತದೆ. ಕೊನೆಗೆ ಮಂಡಿನೋವಿನ ಹಿರಿಯರು ಮೂರನೆಯ ಮಹಡಿಯಲ್ಲಿ ಉಳಿದು, ಕೆಳಗಿಳಿದು ಬರಲಾಗದೆ, ತಾವು ಹುಟ್ಟಿದ ಬೀದಿಯನ್ನು ಕಿಟಕಿಯಿಂದಷ್ಟೇ ನೋಡುವ ಸ್ಥಿತಿ ಒದಗುತ್ತದೆ.

ಇಷ್ಟಾದರೂ ಇಲ್ಲಿಂದ ಹೊರಡಲು ಒಪ್ಪದವರ ವಾದದಲ್ಲಿ ಹುರುಳಿದೆ. ಶಾಲೆ, ದವಾಖಾನೆ, ಗುಡಿ, ಮಸೀದಿ, ತರಕಾರಿ, ಹಿಟ್ಟಿನ ಗಿರಣಿ, ದರ್ಜಿ ಎಲ್ಲವೂ ನಡಿಗೆಯ ಅಳತೆಯಲ್ಲಿವೆ; ಜೋಳದ ರೊಟ್ಟಿ ಮಾಡಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲದ ದಿನ ಓಣಿಯಲ್ಲಿಯೇ ರೊಟ್ಟಿ ಬಡಿದು ಮಾರುವ ಹೆಂಗಸರಿದ್ದಾರೆ, ಪುಂಡಿ ಪಲ್ಯವೂ ಶೇಂಗಾ ಹಿಂಡಿಯೂ ಖಾನಾವಳಿಯಲ್ಲಿ ಸಿಗುತ್ತವೆ. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕನ್ನೂ ಮಕ್ಕಳು ಬೀದಿಯಲ್ಲಿಯೇ ಕಲಿಯುತ್ತಾರೆ. ಅಮೆರಿಕದ ಮಧ್ಯಪಶ್ಚಿಮ ಪ್ರಾಂತ್ಯದ ಡೇಟನ್‌ನಂಥ ಮಧ್ಯಮ ಗಾತ್ರದ ನಗರಗಳನ್ನು ಇಲ್ಲಿ ನೆನೆಯುವುದು ಉಪಯುಕ್ತ. ಎರಡನೆಯ ಮಹಾಯುದ್ಧದ ನಂತರ ಅಲ್ಲಿಯ ಜನ ಕಾರುಗಳನ್ನೂ ಹೆದ್ದಾರಿಗಳನ್ನೂ ನಂಬಿ ಉಪನಗರಗಳಿಗೆ ಸರಿದುದರಿಂದ, ಕಚೇರಿ ಮುಚ್ಚಿದ ಕೂಡಲೇ ಪಾಳುಬೀಳುವ ಪೇಟೆಗಳಾಗಿ ಉಳಿದ ನಡುಭಾಗಗಳಿಗೆ ಈಗ ಹಳೆಯ ಗೋದಾಮುಗಳನ್ನೇ ಮನೆಗಳನ್ನಾಗಿ ಮಾರ್ಪಡಿಸಿ ಜನರನ್ನು ಮರಳಿ ಕರೆತರಲಾಗುತ್ತಿದೆ. ಕಲಬುರಗಿಯ ನಡು ಊರು ಇನ್ನೂ ಖಾಲಿಯಾಗಿಲ್ಲ. ಅಲ್ಲಿ ಕಳೆದುಕೊಂಡು ದುಬಾರಿ ಬೆಲೆಗೆ ಮರಳಿ ಕಟ್ಟುತ್ತಿರುವುದು ಇಲ್ಲಿ ಕೈಯಲ್ಲಿಯೇ ಇದೆ, ಅದನ್ನು ಉಳಿಸಿಕೊಳ್ಳುವ ಯೋಚನೆ ಮಾತ್ರ ಕಾಣದು.

ಚರಿತ್ರೆಯನ್ನು ಪ್ರವಾಸೋದ್ಯಮದ ಕೈಪಿಡಿಗಳು ಸಾಕಷ್ಟು ಹೇಳಿವೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಇಲ್ಲಿ ಬಹಮನಿ ರಾಜ್ಯದ ರಾಜಧಾನಿಯನ್ನು ಸ್ಥಾಪಿಸಿದನು. 1367ರ ಶಾಸನವಿರುವ ಕೋಟೆಯೊಳಗಿನ ಜಾಮಾ ಮಸೀದಿ, ತೆರೆದ ಅಂಗಳವಿಲ್ಲದೆ ಪೂರ್ತಿ ಚಾವಣಿಯ ಅಡಿಯಲ್ಲಿರುವ ಅಪರೂಪದ ರಚನೆ. 15ನೆಯ ಶತಮಾನದ ಮೊದಲ ದಶಕಗಳಲ್ಲಿಯೇ ರಾಜಧಾನಿ ಬೀದರಿಗೆ ಹೋಯಿತು. ಸೂಫಿ ಸಂತ ಖ್ವಾಜಾ ಬಂದೇ ನವಾಜರು 1422ರಲ್ಲಿ ಇಲ್ಲಿಯೇ ತೀರಿಕೊಂಡರು, ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು 1822ರಲ್ಲಿ. ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರ್ 17ರಂದು ಕೊನೆಗೊಂಡಿತು, 2014ರ ನವೆಂಬರ್ 1ರಂದು ಗುಲ್ಬರ್ಗಾ ಎಂಬ ಹೆಸರು ಅಧಿಕೃತವಾಗಿ ಕಲಬುರಗಿಯಾಯಿತು. ಈ ಪಟ್ಟಿಯಲ್ಲಿ ಸೇರದ ಸಂಗತಿಯೆಂದರೆ, ಸ್ಮಾರಕವೆಂದು ಎಲ್ಲರೂ ಭಾವಿಸುವ ಕೋಟೆಯ ಒಳಗೂ ಮನೆಗಳಿವೆಯೆಂಬುದು; ಅಲ್ಲಿಯ ಕುಟುಂಬಗಳ ವಾಸ್ತವ್ಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಪುರಾತತ್ವದ ಕಾನೂನು ಮತ್ತು ಬದುಕಿನ ಹಕ್ಕು ಇಷ್ಟು ಹತ್ತಿರದಲ್ಲಿ ಎದುರುಬದುರಾಗಿರುವ ಜಾಗಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ನಡು ಊರನ್ನು ನೋಡಲು ಹೋದವರ ಕಣ್ಣನ್ನು ಮೊದಲು ಸೆಳೆಯುವುದು ಮಾತ್ರ ಕೋಟೆಯೂ ಅಲ್ಲ, ಗುಮ್ಮಟವೂ ಅಲ್ಲ. ಸೂಪರ್ ಮಾರ್ಕೆಟ್ಟಿನ ಹಣ್ಣಿನ ಬಂಡಿಗಳ ಮೇಲೆ ಹಳದಿ ಬಾಳೆಯ ರಾಶಿಯ ಪಕ್ಕದಲ್ಲಿ, ಪ್ರತ್ಯೇಕವಾಗಿ, ಗೌರವದಿಂದೆಂಬಂತೆ ಇಟ್ಟಿರುವ ಕಡುಕೆಂಪು ಬಾಳೆಹಣ್ಣು. ಇದು ನಗರದಿಂದ ಸುಮಾರು 35 ಕಿಲೋಮೀಟರ್ ದೂರದ ಕಮಲಾಪುರದ ಕೆಂಪು ಬಾಳೆ. ಒಂದು ಉತ್ಪನ್ನದ ಗುಣ ಅದು ಬೆಳೆಯುವ ನೆಲದಿಂದಲೇ ಬಂದಿದೆಯೆಂದು ಕಾನೂನು ಒಪ್ಪಿ ಆ ಊರಿನ ಹೆಸರನ್ನು ಇತರರು ಬಳಸದಂತೆ ಕಾಯುವ ಭೌಗೋಳಿಕ ಗುರುತು, ಅಂದರೆ ಜನ ಜಿಐ ಟ್ಯಾಗ್ ಎಂದು ಕರೆಯುವ ಮಾನ್ಯತೆ, ಈ ಹಣ್ಣಿಗೆ ದೊರೆತಿದೆ. ಇದೇ ಮಾನ್ಯತೆಯನ್ನು ಜಿಲ್ಲೆಯ ತೊಗರಿ ಬೇಳೆ 2019ರಲ್ಲಿ ಪಡೆಯಿತು. ತೊಗರಿಗಾದರೋ ನೆಹರೂ ಗಂಜ್ ಎಂಬ ಸಗಟು ಪೇಟೆಯಿದೆ, ದಲ್ಲಾಳಿಗಳ ಅಡತ್ ಅಂಗಡಿಗಳಿವೆ, ಹಮಾಲರ ಸಂಘಟಿತ ದುಡಿಮೆಯಿದೆ, ನಗರದ ಸುತ್ತ ದಾಲ್ ಮಿಲ್ಲುಗಳಿವೆ. ಬೆಲೆ ಕುಸಿದರೆ ಬೀದಿಗಿಳಿಯುವ ರೈತರಿದ್ದಾರೆ, ಗಿಡವನ್ನು ಒಣಗಿಸುವ ನೆಟೆ ರೋಗ ಬಂದರೆ ವಿಧಾನಸಭೆಯಲ್ಲಿ ಚರ್ಚೆಯಾಗುತ್ತದೆ. ಕೆಂಪು ಬಾಳೆಗೆ ಇವಾವುವೂ ಇಲ್ಲ. ಅದಕ್ಕಿರುವುದು ಬಂಡಿಯ ಮೇಲಿನ ಒಂದು ಮೂಲೆ.

ಹಣ್ಣಿನ ವ್ಯಾಪಾರಿಗಳು ಈ ಬಾಳೆಯ ವಿಷಯ ಬಂದರೆ ಬೇಗ ಮಾತು ಮುಗಿಸುವವರಲ್ಲ. ಹೊಸಬರು ಸಿಪ್ಪೆಯ ಬಣ್ಣ ಕಂಡು ಅನುಮಾನಿಸಿದಾಗ ಸುಲಿದು ಒಳಗಿನ ಕೆನೆಬಣ್ಣದ ತಿರುಳನ್ನು ತೋರಿಸುವುದು, ಮೃದುವಾಗುವವರೆಗೆ ತಿನ್ನಬಾರದೆಂದು ಎಚ್ಚರಿಸುವುದು, ಬಾಣಂತಿಯರಿಗೂ ಮಕ್ಕಳಿಗೂ ಒಳ್ಳೆಯದೆಂದು ಹೇಳುವುದು, ಡಜನ್ನಿನ ಬೆಲೆ ಹಳದಿ ಬಾಳೆಗಿಂತ ಯಾಕೆ ಹೆಚ್ಚೆಂದು ಕೇಳಿದವರಿಗೆ ಹೊಲದ ಲೆಕ್ಕವನ್ನೆಲ್ಲ ಒಪ್ಪಿಸುವುದು, ಇವೆಲ್ಲ ವ್ಯಾಪಾರದ ಭಾಗವೇ ಆಗಿವೆ. ಆ ಲೆಕ್ಕ ತೋಟಗಾರಿಕೆಯ ತಜ್ಞರು ಹೇಳುವುದಕ್ಕೆ ಹೊಂದಿಕೆಯಾಗುತ್ತದೆ. ಈಗ ಎಲ್ಲೆಡೆ ಹಬ್ಬಿರುವ ಜಿ-9 ತಳಿ, ಅಂದರೆ ಅಂಗಾಂಶ ಕೃಷಿಯಿಂದ ಪಡೆದ ಗಿಡ್ಡ ಜಾತಿಯ ಹಳದಿ ಬಾಳೆ, ಸುಮಾರು ಒಂದು ವರ್ಷದಲ್ಲಿ ಕೊಯ್ಲಿಗೆ ಬರುತ್ತದೆ; ಕೆಂಪು ಬಾಳೆಗೆ 15 ರಿಂದ 18 ತಿಂಗಳು ಬೇಕು. ಅಷ್ಟು ಕಾಲವೂ ನೀರು ಕೊಡಬೇಕು, ಗೊಬ್ಬರ ಕೊಡಬೇಕು, ಎತ್ತರದ ಗಿಡ ಬೇಸಿಗೆಯ ಬಿರುಗಾಳಿಗೆ ಮುರಿಯದಂತೆ ಆಸರೆ ಕೊಡಬೇಕು. ಗಿಡದ ಸುಳಿಯೆಲ್ಲ ಒತ್ತೊತ್ತಾಗಿ ಮುದುಡಿ ಗೊನೆ ಬಿಡದಂತೆ ಮಾಡುವ ತುದಿಗುಚ್ಛ ರೋಗಕ್ಕೂ ಬೇರಿನ ಮೂಲಕ ಏರುವ ಸೊರಗು ರೋಗಕ್ಕೂ ಕೆಂಪು ಬಾಳೆ ಬೇಗ ತುತ್ತಾಗುತ್ತದೆ. ಒಂದೂವರೆ ವರ್ಷ ಕಾಯ್ದ ಬೆಳೆ ಒಂದು ಸಂಜೆಯ ಗಾಳಿಗೆ ಮಲಗಿದರೆ ರೈತನ ಕೈಗೆ ಬರುವುದು ಏನೂ ಇಲ್ಲ. ಹೀಗಿರುವಾಗ ನೀರಿರುವ ರೈತ ಕಬ್ಬಿನತ್ತಲೋ ಜಿ-9ರತ್ತಲೋ ತಿರುಗುವುದನ್ನು ತಪ್ಪೆನ್ನಲಾಗದು.

ಕಮಲಾಪುರ ಹುಮನಾಬಾದ್ ಹೆದ್ದಾರಿಯ ಮೇಲಿದೆ. ದಾರಿಯಲ್ಲಿ ಹೊಳಕುಂದಾದ ಬಹಮನಿ ಕಾಲದ ಗುಮ್ಮಟಗಳು ರಸ್ತೆಗೆ ಹತ್ತಿರದಲ್ಲಿಯೇ ಸಿಗುತ್ತವೆ. ಎರೆಭೂಮಿಯ ಬಯಲನ್ನು ದಾಟಿ ಬಂದವರಿಗೆ ಇಲ್ಲಿಯ ಗುಡ್ಡಗಳೂ ತಗ್ಗಿನ ಹಸಿರೂ ಬೇರೆಯೇ ಸೀಮೆಗೆ ಬಂದಂತೆ ಅನಿಸುತ್ತವೆ. ಬಾಳೆ ಬೆಳೆಯುವುದು ಕಮಲಾಪುರದಲ್ಲಿ ಮತ್ತು ರಾಜನಾಳ, ನಾವನಿಹಾಳದಂಥ ಸುತ್ತಲಿನ ಹಳ್ಳಿಗಳಲ್ಲಿ. ಕೆರೆಯ ಹೂಳನ್ನೂ ಕೊಟ್ಟಿಗೆ ಗೊಬ್ಬರವನ್ನೂ ಉಣಿಸಿ, ತಾಯಿಗಿಡದ ಬುಡದಿಂದ ಎದ್ದ ಕಂದುಗಳನ್ನೇ ಕಿತ್ತು ನೆಟ್ಟು, ತಲೆಮಾರಿನಿಂದ ತಲೆಮಾರಿಗೆ ಈ ತಳಿಯನ್ನು ದಾಟಿಸಿಕೊಂಡು ಬಂದ ಮನೆತನಗಳು ಅಲ್ಲಿವೆ. ಕಂದಿನಿಂದ ಕಂದಿಗೆ ಸಾಗುವ ಬೆಳೆಯಲ್ಲಿ ತಾಯಿಗಿಡದ ರೋಗವೂ ಜೊತೆಗೇ ಸಾಗುತ್ತದೆಂಬುದು ಈ ಪದ್ಧತಿಯ ದೊಡ್ಡ ತೊಡಕು. ರೋಗವಿಲ್ಲದ ಸಸಿಗಳನ್ನು ಸ್ಥಳೀಯ ತಳಿಯಿಂದಲೇ ಬೆಳೆಸಿ ರೈತರಿಗೆ ಸಕಾಲದಲ್ಲಿ ಒದಗಿಸುವುದಕ್ಕಿಂತ ತುರ್ತಾದ ಕೆಲಸ ಬೇರೊಂದಿಲ್ಲ. ಪ್ರಮಾಣಪತ್ರ ತಳಿಯ ಹೆಸರನ್ನು ಕಾಯಬಲ್ಲದು, ಗಿಡವನ್ನು ಕಾಯಲಾರದು.

2018ರಲ್ಲಿ ಹೊಸ ತಾಲ್ಲೂಕುಗಳು ಜಾರಿಗೆ ಬಂದಾಗ ಕಮಲಾಪುರ ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾಯಿತು. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ನಗರಕ್ಕೆ ಬರುವ ಅಲೆದಾಟ ತಗ್ಗಿದುದು ನಿಜ. ಸಂತೆಯ ಸಂಬಂಧ ಮಾತ್ರ ಕಡಿದಿಲ್ಲ. ಬೆಳಗಿನ ಬಸ್ಸುಗಳಲ್ಲಿ ಸೊಪ್ಪಿನ ಗಂಟು, ಹೂವಿನ ಬುಟ್ಟಿ, ಬಾಳೆಗೊನೆಗಳೊಡನೆ ಬರುವವರಲ್ಲಿ ಹೆಂಗಸರೇ ಹೆಚ್ಚಾಗಿ ಕಾಣುತ್ತಾರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನ ಪ್ರಯಾಣ ಅವರಿಗೆ ಉಚಿತವಾದುದರಿಂದ, ಮೊದಲು ಊರಿನಲ್ಲಿಯೇ ದಲ್ಲಾಳಿಗೆ ಕೊಟ್ಟುಬಿಡುತ್ತಿದ್ದ ಸ್ವಲ್ಪ ಸರಕನ್ನು ತಾವೇ ತಂದು ಮಾರುವುದು ಲಾಭಕರವಾಗಿದೆ. ನಡು ಊರಿನ ಮನೆಗಳ ಅಡುಗೆಗೆ ದಿನವೂ ತಾಜಾ ಸೊಪ್ಪು ಒದಗುವುದು ಇವರಿಂದಲೇ. ಬೀಗ ಹಾಕಿದ ಅಂಗಡಿಗಳ ಮುಂದಿನ ಜಗುಲಿಯಲ್ಲಿ ಅಂಗಡಿ ತೆರೆಯುವವರೆಗೆ ಕೂತು, ಅನಂತರ ರಸ್ತೆಗೆ ಸರಿದು, ರಸ್ತೆಯಿಂದ ವಾಹನಗಳು ಎಬ್ಬಿಸಿದಾಗ ಮತ್ತೊಂದು ಮೂಲೆ ಹುಡುಕುವ ಇವರಿಗೆ ನೆರಳೂ ಶೌಚಾಲಯವೂ ಸಾಕಷ್ಟಿಲ್ಲವೆಂಬುದು ಈ ಪೇಟೆಯ ಬಗ್ಗೆ ಹೇಳಲೇಬೇಕಾದ ಆಕ್ಷೇಪ. ಬಿಸಿಲು ಹತ್ತು ಗಂಟೆಗೇ ನೆತ್ತಿ ಸುಡುವ ಊರಿನಲ್ಲಿ ಮಾರುಕಟ್ಟೆಯ ಬೀದಿಗೆ ಒಂದು ಸಾಲು ಬೇವಿನ ಮರಗಳನ್ನು ಬೆಳೆಸುವುದು ಅಸಾಧ್ಯವಾದ ಬೇಡಿಕೆಯೇನೂ ಅಲ್ಲ.

ಬೀದಿಯ ಮೇಲಿನ ಮನೆಯವರ ದೂರುಗಳು ಬೇರೆ ಬಗೆಯವು. ಸರಕು ಇಳಿಸುವ ಟೆಂಪೋಗಳು ಬಾಗಿಲಿಗೆ ಅಡ್ಡ ನಿಲ್ಲುತ್ತವೆ. ಆಂಬ್ಯುಲೆನ್ಸ್ ಒಳಗೆ ಬರುವ ಹಾದಿಯಿಲ್ಲ. ಪೈಪಿಗಾಗಿ ಅಗೆದ ರಸ್ತೆ ಮತ್ತೆ ಸಮವಾಗಲು ಕಾಲ ಹಿಡಿಯುತ್ತದೆ. ದಿನವಿಡೀ ನಲ್ಲಿಯಲ್ಲಿ ನೀರು ಹರಿಸುವ ಪ್ರಯೋಗಕ್ಕೆ ರಾಜ್ಯದಲ್ಲಿ ಮೊದಲು ಆಯ್ಕೆಯಾದ ನಗರಗಳಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳೊಂದಿಗೆ ಕಲಬುರಗಿಯೂ ಇತ್ತು, ಕೆಲವು ವಾರ್ಡುಗಳಲ್ಲಿ ಅದು ಯಶಸ್ವಿಯೂ ಆಯಿತು. ಭೀಮಾ ಮತ್ತು ಬೆಣ್ಣೆತೊರೆಯ ನೀರನ್ನು ನಂಬಿದ ನಗರದ ಉಳಿದ ಮನೆಗಳಲ್ಲಿ ನೀರು ಬಂದ ದಿನ ಕೊಡ, ಡ್ರಮ್, ತೊಟ್ಟಿಗಳನ್ನೆಲ್ಲ ತುಂಬಿಸಿಕೊಳ್ಳುವ ರೂಢಿ ಮುಂದುವರಿದಿದೆ. ಈ ದೂರುಗಳನ್ನು ಹೇಳುವವರೇ ಬೀದಿಬದಿಯ ಸೊಪ್ಪಿನವರನ್ನು ಎಬ್ಬಿಸಬೇಕೆಂದು ಕೇಳುವುದು ಕಡಿಮೆಯೆಂಬುದು ಗಮನಾರ್ಹ. ಬಂದೇ ನವಾಜರ ಉರುಸಿನ ಗಂಧದ ಮೆರವಣಿಗೆಗೂ ಹೋಳಿಯ ನಂತರದ ಶರಣಬಸವೇಶ್ವರರ ತೇರಿಗೂ ತಾವಾಗಿಯೇ ದಾರಿ ಬಿಟ್ಟುಕೊಟ್ಟು ರೂಢಿಯಾದ ಜನರಿಗೆ, ಬೀದಿಯನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳುವುದು ಹೊಸ ಪಾಠವಲ್ಲ.

ಬೀದರ್–ಕಲಬುರಗಿ ರೈಲುಮಾರ್ಗ ಬಹುಕಾಲ ಕಾಯಿಸಿ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಸುಮಾರು 110 ಕಿಲೋಮೀಟರಿನ ಈ ಮಾರ್ಗ ಮರಗುತ್ತಿಯ ಬಳಿ ಗುಡ್ಡವನ್ನು ಸುರಂಗದಲ್ಲಿ ಹಾದುಹೋಗುತ್ತದೆ, ಕಮಲಾಪುರಕ್ಕೂ ನಿಲ್ದಾಣವಿದೆ. ಬೆಳೆಗಾರರ ಊರನ್ನೂ ನಗರವನ್ನೂ ಸೇರಿಸುವ ಹೆದ್ದಾರಿ, ಬಸ್ಸು, ರೈಲು ಮೂರೂ ಇರುವಾಗ ಇಲ್ಲದಿರುವುದು ಬಂದಿಳಿದ ಸರಕಿಗೆ ನಗರದ ಒಳಗೆ ಒಂದು ಖಾತ್ರಿಯಾದ ಜಾಗ. ಸೂಪರ್ ಮಾರ್ಕೆಟ್ಟಿನ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬೆಳಗಿನ ಕೆಲವು ಗಂಟೆಗಳ ಮಟ್ಟಿಗಾದರೂ ಕಮಲಾಪುರದ ಬೆಳೆಗಾರರು ತಮ್ಮ ಊರಿನ ಹೆಸರಿನ ಫಲಕದಡಿ ಕೂತು ಮಾರುವಂತಾದರೆ, ಬಂಡಿಯ ಮೂಲೆಯಲ್ಲಿ ಸಿಗುವ ಹಣ್ಣು ನಿಜವಾಗಿ ಆ ನೆಲದ್ದೇ ಎಂಬ ಭರವಸೆ ಕೊಳ್ಳುವವರಿಗೂ, ಡಜನ್ನಿನ ಬೆಲೆಯಲ್ಲಿ ದೊಡ್ಡ ಪಾಲು 18 ತಿಂಗಳು ಕಾಯ್ದವರಿಗೂ ಸಿಕ್ಕೀತು. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ. ನೆರಳು, ನೀರು, ಶೌಚಾಲಯ ಮತ್ತು ಎಬ್ಬಿಸುವುದಿಲ್ಲವೆಂಬ ಒಂದು ಲಿಖಿತ ಆದೇಶ ಸಾಕು.