ಹೆಸರಿಲ್ಲದವರ ಕಾಣಿಕೆ

ಇಂಗ್ಲೆಂಡಿನ ಹೆರಿಫರ್ಡ್‌ಶೈರ್ ಪ್ರಾಂತ್ಯದಲ್ಲಿ, ವೇಲ್ಸ್ ಗಡಿಗೆ ಸಮೀಪದಲ್ಲಿ, ಕಿಲ್ಪೆಕ್ ಎಂಬ ಕಿರುಗ್ರಾಮವಿದೆ. ದೇವಮಾತೆ ಮರಿಯಮ್ಮನವರಿಗೂ ಸಂತ ಡೇವಿಡರಿಗೂ ಸಮರ್ಪಿತವಾದ ಅಲ್ಲಿನ ದೇವಾಲಯ ನಾರ್ಮನ್ನರ ಕಾಲದ್ದು. ಕಟ್ಟಿದ್ದು ಸುಮಾರು 1140ರಲ್ಲಿ. ಅದಕ್ಕೆ ಗೋಪುರವಿಲ್ಲ, ವಿಸ್ತಾರವಿಲ್ಲ. ಜನರು ನೆರೆಯುವ ಅಂಗಣ, ಅದರಾಚೆಗೆ ಗರ್ಭಾಂಗಣ, ಕೊನೆಯಲ್ಲಿ ಅರ್ಧವೃತ್ತಾಕಾರದ ಪೀಠಭಾಗ, ಇಷ್ಟೇ.

ಆದರೆ ದಕ್ಷಿಣ ದ್ವಾರದ ಮುಂದೆ ನಿಂತವರು ಮೂಕರಾಗುತ್ತಾರೆ. ಬಾಗಿಲ ಮೇಲಿನ ಅರ್ಧಚಂದ್ರಾಕೃತಿಯ ಕಲ್ಲಿನಲ್ಲಿ ಜೀವವೃಕ್ಷ. ಕಂಬಗಳಲ್ಲಿ ಬಳ್ಳಿಗಳ ನಡುವೆ ಸಿಲುಕಿದ ಯೋಧರು. ಸೂರಿನ ಕೆಳಗೆ ಸುತ್ತಲೂ 85 ಕಿರುಶಿಲ್ಪಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಶಿಲುಬೆಯೊಡನೆ ನಿಂತ ದೇವರ ಕುರಿಮರಿಯುಂಟು. ಬೇಟೆನಾಯಿ ಮತ್ತು ಮೊಲ ಜೊತೆಜೊತೆಯಾಗಿ ಕುಳಿತಿರುವುದೂ ಉಂಟು. ಕೆಂಪು ಮರಳುಗಲ್ಲಿನ ಈ ಕೆತ್ತನೆ ಎಂಟು ಶತಮಾನಗಳ ಮಳೆಗಾಳಿಯನ್ನು ಸಹಿಸಿಯೂ ಸ್ಫುಟವಾಗಿದೆ.

ದೇವಾಲಯದ ಪಕ್ಕದಲ್ಲೇ ಕೋಟೆಯ ದಿಬ್ಬವಿದೆ. ಕಿಲ್ಪೆಕ್ಕಿನ ಒಡೆಯ ಹ್ಯೂ 1134ರಲ್ಲಿ ಇಲ್ಲಿಯ ದೇವಾಲಯವನ್ನು ಗ್ಲಾಸ್ಟರಿನ ಮಠಕ್ಕೆ ಒಪ್ಪಿಸಿದನೆಂದು ದಾಖಲೆ ಹೇಳುತ್ತದೆ. ಒಡೆಯನ ಹೆಸರು ಉಳಿಯಿತು. ಕೋಟೆಯಲ್ಲಿ ಮುರುಕು ಗೋಡೆಗಳಷ್ಟೇ ಉಳಿದವು. ಶಿಲ್ಪಿಗಳ ಹೆಸರು ಅಳಿಯಿತು. ಅವರ ಕೆಲಸ ನಿಂತಿತು.

ಒಂದು ವಸ್ತುವಿಗೆ ನಾಲ್ಕು ಕಾರಣಗಳುಂಟೆಂದು ಅರಿಸ್ಟಾಟಲ್ ಕಲಿಸಿದನು. ಇಲ್ಲಿ ಉಪಾದಾನ ಕಾರಣವಾದ ಕಲ್ಲನ್ನು ಕಾಣುತ್ತೇವೆ, ರೂಪವನ್ನೂ ಕಾಣುತ್ತೇವೆ. ಕೆತ್ತಿದವನಾರೆಂದು ಅರಿಯೆವು. ಆದರೆ ಯಾವ ಉದ್ದೇಶಕ್ಕಾಗಿ ಕೆತ್ತಿದನೆಂಬುದರಲ್ಲಿ ಸಂಶಯವೇ ಇಲ್ಲ. ಸೂರಿನಡಿಯ ಮೊಲವನ್ನು ನೆಲದಿಂದ ಎಷ್ಟು ಜನರು ದಿಟ್ಟಿಸಿ ನೋಡಿಯಾರು? ಆದರೂ ಶಿಲ್ಪಿಯ ಉಳಿ ಅಲ್ಲಿ ಅಲಕ್ಷ್ಯ ತೋರಲಿಲ್ಲ.

16ನೇ ಶತಮಾನದಲ್ಲಿ ಇಂಗ್ಲೆಂಡು ರೋಮಿನಿಂದ ಬೇರ್ಪಟ್ಟ ಬಳಿಕ ಈ ದೇವಾಲಯ ಆಂಗ್ಲಿಕನ್ ಸಭೆಗೆ ಸೇರಿತು. ‘ಅದು ನಮ್ಮದಾಗಿತ್ತು’ ಎಂಬ ನಿಟ್ಟುಸಿರು ಕಥೋಲಿಕರಾದ ನಮ್ಮಲ್ಲಿ ಮೂಡುವುದು ಸಹಜ. ಆದರೆ ತಮ್ಮ ಹೆಸರನ್ನೇ ಬಿಟ್ಟುಹೋಗದವರ ಕೃತಿಯ ಮೇಲೆ ನಾವು ಹಕ್ಕಿನ ಮಾತಾಡುವುದು ಹೇಗೆ? ಅವರು ದೇವರಿಗೆ ಕೊಟ್ಟರು. ಅಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತಿದೆ.

ಬೆಂಚಿನ ಮೇಲೆ, ಗೋಡೆಯ ಫಲಕದ ಮೇಲೆ ನಮ್ಮ ಹೆಸರು ಬರೆಸುವ ಮುನ್ನ ಆ ಮೊಲವನ್ನೊಮ್ಮೆ ನೆನೆಯೋಣ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲೆಂಬ ಪ್ರಭುವಿನ ಬೋಧೆಯನ್ನು ಅದು ಕಲ್ಲಿನಲ್ಲಿ ಕಾಪಾಡಿಕೊಂಡಿದೆ.