ದಂಡ ಏರಿತು, ನಶೆ ಇಳಿಯಿತೆ?

ಕುಡಿದು ಗಾಡಿ ಓಡಿಸುವವರ ಮೇಲಿನ ಕಾನೂನು ಕಠಿಣವೋ, ಸಡಿಲವೋ? ಯಾದಗಿರಿ, ಶಹಾಪುರ, ಸುರಪುರದ ರಸ್ತೆಗಳಲ್ಲಿ ನಿಂತು ಕೇಳಿದರೆ ಸಿಗುವ ಉತ್ತರವೇ ಬೇರೆ

ಈ ಭಾಗದ ಮದ್ಯದಂಗಡಿಗಳಲ್ಲಿ ‘ನೈಂಟಿ’ ಎಂದರೆ ಬೇರೇನೂ ವಿವರಿಸಬೇಕಿಲ್ಲ. ಅಂಗಿಯ ಜೇಬಿಗೆ ಇಳಿಯುವ 90 ಮಿಲಿ ಲೀಟರಿನ ಟೆಟ್ರಾ ಪ್ಯಾಕೆಟ್ ಅದು. ಅದರೊಳಗಿನ ವಿಸ್ಕಿಯಲ್ಲಿ ಶೇ 42.8ರಷ್ಟು ಮದ್ಯಸಾರ. ತೂಕದ ಲೆಕ್ಕದಲ್ಲಿ ಸುಮಾರು 30 ಗ್ರಾಂ. ಅರವತ್ತು ಕೆ.ಜಿ. ತೂಕದ ಗಂಡಸೊಬ್ಬ ಹಸಿದ ಹೊಟ್ಟೆಯಲ್ಲಿ ಇಷ್ಟನ್ನು ಗಟಗಟ ಏರಿಸಿದರೆ ಅವನ ಪ್ರತಿ 100 ಮಿಲಿ ಲೀಟರ್ ರಕ್ತದಲ್ಲಿ 70–75 ಮಿಲಿ ಗ್ರಾಂ ಮದ್ಯಸಾರ ಸೇರುತ್ತದೆ. ಕಾನೂನು ಒಪ್ಪುವುದು 30ರವರೆಗೆ ಮಾತ್ರ. ಅಂದರೆ ಒಂದೇ ನೈಂಟಿಗೆ ಮಿತಿಯ ದುಪ್ಪಟ್ಟು ದಾಟಿಯಾಯಿತು.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ದೇಹ ಒಂದು ತಾಸಿಗೆ ಕರಗಿಸುವುದು ಸರಾಸರಿ 15 ಮಿಲಿ ಗ್ರಾಂ ಅಷ್ಟೆ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಅದರ ವೇಗ ಹೆಚ್ಚಿಸದು. ನೈಂಟಿ ಕುಡಿದವನು ಮಿತಿಯೊಳಗೆ ಬರಲು ಮೂರು ತಾಸು ಬೇಕು. ಅದರ ದುಪ್ಪಟ್ಟು, ಅಂದರೆ ಕ್ವಾರ್ಟರ್ ಮುಗಿಸಿದವನಿಗೆ ಎಂಟು ತಾಸು ಹಿಡಿದೀತು. ರಾತ್ರಿ ಹನ್ನೊಂದಕ್ಕೆ ಮುಗಿಸಿ ಮಲಗಿದವನು ಬೆಳಗ್ಗೆ ಆರಕ್ಕೆ ಎದ್ದು ಟ್ರ್ಯಾಕ್ಟರ್ ಏರಿದರೆ, ‘ನಿನ್ನೆ ರಾತ್ರಿದು ಎಲ್ಲಾ ಇಳದೈತ್ರಿ’ ಎಂದು ಎಷ್ಟೇ ಆಣೆ ಮಾಡಿದರೂ ಪೊಲೀಸರು ಊದಿಸುವ ಯಂತ್ರ ಒಪ್ಪುವುದಿಲ್ಲ.

ಹೀಗೆ ನೋಡಿದರೆ ನಮ್ಮ ಕಾನೂನು ಬಿಗಿಯಾದದ್ದೇ. ಇಂಗ್ಲೆಂಡಿನಲ್ಲಿ ಮಿತಿ 80, ಅಮೆರಿಕದ ಬಹುತೇಕ ರಾಜ್ಯಗಳಲ್ಲೂ 80, ಯುರೋಪಿನ ಹೆಚ್ಚಿನ ದೇಶಗಳಲ್ಲಿ 50. ಭಾರತದ 30 ಅವೆಲ್ಲಕ್ಕಿಂತ ಕಡಿಮೆ. ಹಾಗಿದ್ದರೂ ರಸ್ತೆ ಸಾವಿನಲ್ಲಿ ಆ ದೇಶಗಳನ್ನೆಲ್ಲ ನಾವು ಹಿಂದಿಕ್ಕಿದ್ದೇವೆ.

ಎರಡು ಸಾವಿರದಿಂದ ಹತ್ತು ಸಾವಿರಕ್ಕೆ

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಈ ಅಪರಾಧಕ್ಕೆಂದೇ ಇರುವುದು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹಿಂದೆ ಆ ದಂಡ ‘ಎರಡು ಸಾವಿರ ರೂಪಾಯಿವರೆಗೆ’ ಎಂದಿತ್ತು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು 10,000 ರೂಪಾಯಿಗೆ ಏರಿಸಿತು. ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು, 15,000 ರೂಪಾಯಿ ದಂಡ. ಜನ ಬೊಬ್ಬೆ ಹಾಕಿದಾಗ ಅದೇ ತಿಂಗಳು ಕರ್ನಾಟಕ ಸರ್ಕಾರ ಹಲವು ಸಂಚಾರ ದಂಡಗಳನ್ನು ಇಳಿಸಿತಾದರೂ ಇದನ್ನು ಮುಟ್ಟಲಿಲ್ಲ. ರಸ್ತೆಯಲ್ಲೇ ರಸೀದಿ ಹರಿದು ಮುಗಿಸುವ ತಪ್ಪು ಇದಲ್ಲ, ಕೋರ್ಟಿಗೇ ಹೋಗಬೇಕು.

ಇದು ಕಠಿಣ ಎನ್ನುವವರ ಮಾತಿನಲ್ಲಿ ಹುರುಳಿದೆ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2025–26ರಲ್ಲಿ 370 ರೂಪಾಯಿ. ಹತ್ತು ಸಾವಿರ ಎಂದರೆ 27 ದಿನದ ದುಡಿಮೆ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಕೂಡಿಟ್ಟ ಒಂದು ತಿಂಗಳ ಗಂಟು ಒಂದೇ ಊದುವಿಕೆಗೆ ಹೋಗುತ್ತದೆ. ಅದೇ ಹತ್ತು ಸಾವಿರ ದೊಡ್ಡ ಕಾರಿನವನಿಗೆ ಒಂದು ಸಂಜೆಯ ಪಾರ್ಟಿಯ ಬಿಲ್ಲು. ಫಿನ್‌ಲ್ಯಾಂಡ್ 1921ರಲ್ಲೇ ಆದಾಯಕ್ಕೆ ತಕ್ಕ ದಂಡದ ಪದ್ಧತಿ ತಂದಿತು. ಅಲ್ಲಿ ಸಿರಿವಂತನಿಗೂ ಬಡವನಿಗೂ ದಂಡದ ನೋವು ಹೆಚ್ಚೂಕಡಿಮೆ ಒಂದೇ. ನಮ್ಮಲ್ಲಿ ಮೊತ್ತ ಒಂದೇ, ನೋವು ಬೇರೆ ಬೇರೆ.

ಸಡಿಲ ಎನ್ನುವವರ ಮಾತೂ ಸುಳ್ಳಲ್ಲ. ಕುಡಿದವನು ಯಾರನ್ನಾದರೂ ಕೊಂದರೆ ಸಾಮಾನ್ಯವಾಗಿ ಬೀಳುವುದು ನಿರ್ಲಕ್ಷ್ಯದಿಂದ ಸಾವು ಎಂಬ ಪ್ರಕರಣ. ಹಳೆಯ ಐಪಿಸಿಯ 304–ಎ ಕಲಂನಲ್ಲಿ ಅದಕ್ಕೆ ಗರಿಷ್ಠ ಎರಡು ವರ್ಷ ಶಿಕ್ಷೆ. 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅದನ್ನು ಐದು ವರ್ಷಕ್ಕೆ ಏರಿಸಿದೆ, ಆದರೆ ಜಾಮೀನು ಸುಲಭ. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಏಳು ಕೂಲಿಕಾರರು ಕಾರಿನಡಿ ಸತ್ತರು. ಕುಡಿದು ಓಡಿಸಿದರೆ ಜೀವ ಹೋದೀತು ಎಂಬ ಅರಿವು ಚಾಲಕನಿಗೆ ಇದ್ದೇ ಇರುತ್ತದೆ, ಹಾಗಾಗಿ ಇದು ಬರೀ ನಿರ್ಲಕ್ಷ್ಯವಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಹತ್ತು ವರ್ಷದವರೆಗೆ ಶಿಕ್ಷೆ ಕೊಡಬಹುದಾದ ಆ ಪ್ರಕರಣದಲ್ಲೂ ಕೊನೆಗೆ ಉಳಿದದ್ದು ಮೂರೇ ವರ್ಷ.

ಹಾಗಾದರೆ ದಂಡ ಐದು ಪಟ್ಟು ಏರಿದ ಮೇಲೆ ಆದದ್ದೇನು? 2019ರಲ್ಲಿ ದೇಶದ ರಸ್ತೆಗಳಲ್ಲಿ 1,51,113 ಮಂದಿ ಸತ್ತಿದ್ದರು. 2022ರಲ್ಲಿ 1,68,491 ಮಂದಿ. ಇವರೆಲ್ಲ ಕುಡುಕರಿಂದಲೇ ಸತ್ತವರಲ್ಲ, ನಿಜ. ಸರ್ಕಾರಿ ಪಟ್ಟಿಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಸಾವು ‘ಅತಿವೇಗ’ದ ಖಾತೆಗೇ ಹೋಗುತ್ತದೆ, ಕುಡಿತದ ಖಾತೆಯಲ್ಲಿ ಬೆರಳೆಣಿಕೆಯ ಶೇಕಡಾವಾರು. ಆದರೆ ಅತಿವೇಗದ ಹಿಂದೆ ಏನಿತ್ತು ಎಂದು ರಕ್ತ ತೆಗೆದು ನೋಡಿದವರಾರು? ನೋಡದಿದ್ದರೆ ಅಂಕಿ ಚಿಕ್ಕದಾಗಿಯೇ ಇರುತ್ತದೆ.

ಮೂರು ತಾಸಿನಲ್ಲಿ ಕರಗುವ ಸಾಕ್ಷಿ

ಶಹಾಪುರ, ಸುರಪುರಕ್ಕೆ ರೈಲಿಲ್ಲ, ಇರುವುದು ಯಾದಗಿರಿಗೆ ಮಾತ್ರ. ಜೇವರ್ಗಿಯಿಂದ ಬಂದು ಲಿಂಗಸುಗೂರಿನತ್ತ ಸಾಗುವ ಬೀದರ್–ಶ್ರೀರಂಗಪಟ್ಟಣ ರಸ್ತೆ, ಅಂದರೆ ಇಂದಿನ 150–ಎ ರಾಷ್ಟ್ರೀಯ ಹೆದ್ದಾರಿ, ಈ ಸೀಮೆಯ ಜೀವನಾಡಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ, ಹತ್ತಿ ಹೆಚ್ಚಿದವು. ಅವುಗಳ ಜತೆಗೆ ಟ್ರ್ಯಾಕ್ಟರ್, ಟಂಟಂ, ಕ್ರೂಸರ್, ಬೈಕು ಹೆಚ್ಚಿದವು. ಸುಗ್ಗಿಯಲ್ಲಿ ಹಿಂದೀಪವಿಲ್ಲದ ಟ್ರೇಲರು, ಕತ್ತಲಲ್ಲಿ ಅದರ ಹಿಂದೆ ಬರುವ ಬೈಕು, ಬೈಕಿನ ಮೇಲೆ ಮೂವರು. ಆ ಮೂವರಲ್ಲಿ ಮುಂದಿನವನು ಕುಡಿದಿದ್ದನೇ ಎಂಬುದು ಅಪಘಾತದ ನಂತರ ಯಾರಿಗೂ ಬೇಡದ ಪ್ರಶ್ನೆ.

ಬೇಕೆಂದರೂ ಉತ್ತರ ಸುಲಭವಲ್ಲ. ಗಾಯಾಳುವನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿಂದ ಯಾದಗಿರಿ, ಅಲ್ಲೂ ಆಗದಿದ್ದರೆ ಕಲಬುರಗಿ ಅಥವಾ ರಾಯಚೂರು. ವೈದ್ಯರ ಮೊದಲ ಕೆಲಸ ಜೀವ ಉಳಿಸುವುದು, ರಕ್ತದ ಮಾದರಿ ಸೀಲ್ ಮಾಡಿ ಪೊಲೀಸರಿಗೆ ಕೊಡುವುದಲ್ಲ. ಈ ಓಡಾಟದಲ್ಲಿ ಮೂರು ತಾಸು ಕಳೆದರೆ 75 ಇದ್ದದ್ದು 30ಕ್ಕೆ ಇಳಿದಿರುತ್ತದೆ. ಸಾಕ್ಷಿಯನ್ನು ಯಾರೂ ಮುಚ್ಚಿಡಬೇಕಿಲ್ಲ, ಅದು ತಾನಾಗಿಯೇ ಕರಗಿ ಹೋಗುತ್ತದೆ. ಬಾಯಿಂದ ವಾಸನೆ ಬರುತ್ತಿತ್ತು ಎಂಬ ಒಂದೇ ಮಾತು ಅಮಲನ್ನು ಸಾಬೀತುಪಡಿಸದು ಎಂದು ಸುಪ್ರೀಂ ಕೋರ್ಟ್ 1971ರಷ್ಟು ಹಿಂದೆಯೇ ಹೇಳಿದೆ.

ಹೀಗಾಗಿ ವಿಚಿತ್ರ ಪರಿಸ್ಥಿತಿ. ಯಾರಿಗೂ ಏನೂ ಮಾಡದೆ ನಾಕಾಬಂದಿಯಲ್ಲಿ ಸಿಕ್ಕವನ ಬಳಿ ಯಂತ್ರದ ಚೀಟಿ ಇರುತ್ತದೆ, ಅವನು ದಂಡ ಕಟ್ಟುತ್ತಾನೆ. ಜೀವ ತೆಗೆದವನ ಬಳಿ ಚೀಟಿಯೇ ಇರುವುದಿಲ್ಲ, ಅವನ ಕಡತದಲ್ಲಿ ಉಳಿಯುವುದು ‘ಅತಿವೇಗ ಮತ್ತು ಅಜಾಗರೂಕತೆ’.

ಯಂತ್ರಕ್ಕೆ ಸಿಗದ ಸೇಂದಿ

ಗಡಿಗೆ ಅಂಟಿದ ಈ ಜಿಲ್ಲೆಗೆ ಇನ್ನೊಂದು ತಲೆನೋವಿದೆ. ಕರ್ನಾಟಕದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಂತಿತು. ಅದಕ್ಕೂ ಮೊದಲೇ ಈ ಭಾಗದಲ್ಲಿ ಸೇಂದಿ ಮಾರಾಟಕ್ಕೆ ತಡೆ ಬಿದ್ದಿತ್ತು. ಗುರುಮಠಕಲ್, ಸೈದಾಪುರದ ಆಚೆಗಿನ ತೆಲಂಗಾಣದಲ್ಲಿ ಸೇಂದಿ ಕಾನೂನುಬದ್ಧ. ಕದ್ದು ಮಾರುವ ಕಡೆ ಈಚಲು ಮರದ ರಸಕ್ಕಿಂತ ‘ಸಿ.ಎಚ್. ಪೌಡರ್’ನ ಪಾಲೇ ಹೆಚ್ಚು. ಅದು ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ರಾಯಚೂರು ಸೀಮೆಯ ಅಬಕಾರಿ ದಾಳಿಗಳ ಸುದ್ದಿ ಓದುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಬ್ರೆತ್ ಅನಲೈಸರ್ ಹುಡುಕುವುದು ಮದ್ಯಸಾರವನ್ನು ಮಾತ್ರ. ಪೌಡರ್ ಸೇಂದಿ ಕುಡಿದು ಕಣ್ಣು ಎಳೆಯುತ್ತಿರುವವನು ಊದಿದರೆ ಅಂಕಿ ಮಿತಿಯೊಳಗೇ ನಿಂತೀತು. ಮಾದಕ ವಸ್ತುವಿನ ಅಮಲಿನಲ್ಲಿ ಓಡಿಸುವುದೂ 185ನೇ ಕಲಂ ಪ್ರಕಾರ ಅಪರಾಧವೇ. ಸಾಬೀತುಪಡಿಸಲು ಮಾತ್ರ ಪ್ರಯೋಗಾಲಯ ಬೇಕು.

ಲೈಸೆನ್ಸಿನ ಕಥೆಯೂ ಹೀಗೇ. 185ರಲ್ಲಿ ಶಿಕ್ಷೆಯಾದರೆ ಕನಿಷ್ಠ ಆರು ತಿಂಗಳು ಚಾಲನಾ ಹಕ್ಕು ಕಸಿಯಬೇಕೆಂದು ಕಾಯ್ದೆಯ 20ನೇ ಕಲಂ ಹೇಳುತ್ತದೆ. ನಗರದ ಕ್ಯಾಬ್ ಚಾಲಕನಿಗೆ ಇದು ಹೊಟ್ಟೆಯ ಮೇಲಿನ ಏಟು. ಲೈಸೆನ್ಸನ್ನೇ ಮಾಡಿಸದೆ ವರ್ಷಗಟ್ಟಲೆ ಬೈಕು ಓಡಿಸಿದವನಿಗೆ ಏನನ್ನು ಕಸಿಯುವುದು? ಹಳ್ಳಿಯಲ್ಲಿ ಜನ ಹೆದರುವುದು ಕಲಂಗಳಿಗಲ್ಲ, ‘ಗಾಡಿ ಸೀಜ್ ಮಾಡ್ತಾರ’ ಎಂಬುದಕ್ಕೆ.

ವಿಮೆಯ ಮಾತು ಯಾರೂ ಆಡುವುದಿಲ್ಲ, ಆದರೆ ಮನೆಗಳು ಮುರಿಯುವುದು ಅಲ್ಲೇ. ವಾಹನದ ಮಾಲೀಕ ಚಾಲಕನಿಗೆಂದು ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ, ಅವನು ಕುಡಿದಿದ್ದನೆಂದು ಗೊತ್ತಾದರೆ ಸಿಗುವುದಿಲ್ಲ. ಗಾಡಿ ರಿಪೇರಿಯ ಹಣವೂ ಇಲ್ಲ. ಊದಿಸದಿದ್ದರೂ ಬೇರೆ ಸಾಕ್ಷಿಗಳಿಂದ ಅಮಲು ತೋರಿಸಿ ವಿಮಾ ಕಂಪನಿ ಇಂಥ ಹಣ ನಿರಾಕರಿಸಬಹುದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಬದುಕಿದ್ದರೆ ಹತ್ತು ಸಾವಿರ, ಸತ್ತರೆ ಹದಿನೈದು ಲಕ್ಷ. ನಿಜವಾದ ದೊಡ್ಡ ದಂಡವನ್ನು ಕಟ್ಟುವವಳು ಕುಡಿಯದ ಹೆಂಡತಿ.

‘ಬೈಕಿನವ ಕುಡದ್ರ ಸಾಯೋದು ಅವನಾ ಅಲ್ಲೇನ್ರಿ’ ಎಂಬ ಮಾತೂ ಇಲ್ಲಿ ಕೇಳಿಬರುತ್ತದೆ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ನಮ್ಮ ನೆರೆಯ ಕರ್ನೂಲಿನ ಬಳಿ ನಡೆದದ್ದು ಅದಕ್ಕೆ ಉತ್ತರ. ಕುಡಿದಿದ್ದ ಸವಾರನ ಬೈಕು ಉರುಳಿ ಹೆದ್ದಾರಿಯ ಮೇಲೆ ಬಿತ್ತು. ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಅದರ ಮೇಲೆ ಹಾದು ಬೆಂಕಿ ಹತ್ತಿ, ನಿದ್ದೆಯಲ್ಲಿದ್ದ ಹತ್ತೊಂಬತ್ತು ಪ್ರಯಾಣಿಕರು ಸುಟ್ಟುಹೋದರು. ಸವಾರ ಕುಡಿದಿದ್ದನೆಂದು ವಿಧಿವಿಜ್ಞಾನ ವರದಿ ದೃಢಪಡಿಸಿತು.

ಮಾರುವವನೂ ಅವನೇ, ಹಿಡಿಯುವವನೂ ಅವನೇ

ಸರ್ಕಾರದ ಕೈ ಇಲ್ಲಿ ಎರಡೂ ಕಡೆ ಇದೆ. 2025–26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಸರ್ಕಾರಿ ಒಡೆತನದ ಎಂಎಸ್‌ಐಎಲ್ ತಾನೇ ಮದ್ಯದಂಗಡಿ ನಡೆಸುತ್ತದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದಾಗ ಒಂದು ಆಸೆ ಚಿಗುರಿತ್ತು. ಸಣ್ಣ ಊರುಗಳಿಗೆ ಅದು 220 ಮೀಟರಾಯಿತು. 2017ರ ಜುಲೈನಲ್ಲಿ ಪುರಸಭೆ, ನಗರಸಭೆಗಳ ಎಲ್ಲೆಯೊಳಗೆ ಆದೇಶ ಅನ್ವಯಿಸದು ಎಂಬ ಸ್ಪಷ್ಟನೆ ಬಂತು. ಯಾದಗಿರಿ, ಶಹಾಪುರ, ಸುರಪುರ ಮೂರೂ ನಗರಸಭೆಗಳೇ. ಅಂಗಡಿಯೂ ಗಾಡಿಯೂ ದಟ್ಟವಾಗಿರುವ ಜಾಗವೇ ಆದೇಶದಿಂದ ಹೊರಗುಳಿಯಿತು.

ಈ ಇಬ್ಬಂದಿತನ ಇಲ್ಲಿನ ಹೆಂಗಸರಿಗೆ ಚೆನ್ನಾಗಿ ಗೊತ್ತು. 2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಉತ್ತರದ ಜಿಲ್ಲೆಗಳ ಸಾವಿರಾರು ಮಹಿಳೆಯರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ಕುಡಿದು ಓಡಿಸಿದವನಿಗೆ ದಂಡ ಹೆಚ್ಚಿಸಿ ಎಂಬುದಲ್ಲ ಅವರ ಬೇಡಿಕೆ, ಮಾರಾಟ ನಿಲ್ಲಿಸಿ ಎಂಬುದು.

ಪೂರ್ಣ ನಿಷೇಧ ಬರುವವರೆಗೆ, ಅಥವಾ ಬರದೇ ಹೋದರೂ, ಮಾಡಬಹುದಾದ್ದು ಬಹಳಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಮಿತಿ 50, ನಮಗಿಂತ ಸಡಿಲ. 1982ರ ಡಿಸೆಂಬರ್‌ನಿಂದ ಅಲ್ಲಿ ಅನುಮಾನ ಇರಲಿ ಬಿಡಲಿ, ಎದುರು ಬಂದ ಯಾರನ್ನಾದರೂ ನಿಲ್ಲಿಸಿ ಊದಿಸತೊಡಗಿದರು. ಸಾವುಗಳು ಥಟ್ಟನೆ ಇಳಿದವು, ಇಳಿದೇ ಉಳಿದವು. ಅಲ್ಲಿನ ಚಾಲಕ ದಂಡದ ಮೊತ್ತ ನೆನೆದು ಲೋಟ ಕೆಳಗಿಟ್ಟವನಲ್ಲ, ಇವತ್ತು ಸಿಕ್ಕೇ ಸಿಗುತ್ತೇನೆ ಎಂದು ನಂಬಿ ಇಟ್ಟವನು. ನಮ್ಮಲ್ಲಿ ಊದಿಸುವುದು ಹೊಸ ವರ್ಷದ ರಾತ್ರಿಯ ಸುದ್ದಿಯಾಗಿಬಿಟ್ಟಿದೆ.

ಯಾದಗಿರಿಯಂಥ ಜಿಲ್ಲೆಯಲ್ಲಿ ತಪಾಸಣೆಯ ಪಂಚಾಂಗ ಬೇರೆಯೇ ಇರಬೇಕು. ಸಂಕ್ರಮಣದ ಮೈಲಾಪುರ ಮಲ್ಲಯ್ಯನ ಜಾತ್ರೆ, ತಿಂಥಣಿ ಮೌನೇಶ್ವರರ ಜಾತ್ರೆ, ಹತ್ತಿ ಮಾರಿ ಕೈಗೆ ರೊಕ್ಕ ಬರುವ ವಾರಗಳು, ಸಂತೆಯ ಸಂಜೆಗಳು. ಆ ದಿನಗಳಲ್ಲಿ ಊದಿಸಲಿ, ಅದರ ಜತೆಗೆ ಸಾರಿಗೆ ಸಂಸ್ಥೆ ರಾತ್ರಿ ಬಸ್ಸನ್ನೂ ಬಿಡಲಿ. ಬೆಂಗಳೂರಿನವನಿಗೆ ‘ಕುಡಿದರೆ ಕ್ಯಾಬ್ ಹಿಡಿ’ ಎನ್ನಬಹುದು. ಕೊನೆಯ ಬಸ್ಸು ಹೋದ ಮೇಲೆ ಶಹಾಪುರದಲ್ಲಿ ಉಳಿದ ಹಳ್ಳಿಯವನಿಗೆ ಬೈಕೊಂದೇ ದಾರಿ. ಅದು ಅವನ ತಪ್ಪನ್ನು ಮನ್ನಿಸದು, ಆದರೆ ಆಡಳಿತದ ಹೊಣೆಯನ್ನಂತೂ ತೋರಿಸುತ್ತದೆ.

ಸಾವು ನೋವಾದ ಪ್ರತಿ ಅಪಘಾತದಲ್ಲೂ ಚಾಲಕನ ರಕ್ತದ ಮಾದರಿಯನ್ನು ಮೊದಲು ಮುಟ್ಟಿದ ಆಸ್ಪತ್ರೆಯಲ್ಲೇ ತೆಗೆದು ಕಲಬುರಗಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುವುದು ವಾಡಿಕೆಯಾಗಲಿ. ಅಲ್ಲಿ ಮದ್ಯಸಾರದೊಂದಿಗೆ ಕ್ಲೋರಲ್ ಹೈಡ್ರೇಟನ್ನೂ ಹುಡುಕಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

ದಂಡವನ್ನು ಇಪ್ಪತ್ತು ಸಾವಿರಕ್ಕೆ ಏರಿಸುವುದು ಶಾಸನಸಭೆಗೆ ಅರ್ಧ ದಿನದ ಕೆಲಸ, ಖರ್ಚೂ ಇಲ್ಲ. ಅದಕ್ಕೇ ಆ ದಾರಿ ಎಲ್ಲರಿಗೂ ಇಷ್ಟ. ಯಂತ್ರ, ಸಿಬ್ಬಂದಿ, ಬಸ್ಸು, ಪ್ರಯೋಗಾಲಯ ಇವಕ್ಕೆ ದುಡ್ಡು ಬೇಕು. ನಲವತ್ತು ಸಾವಿರ ಕೋಟಿ ಅಬಕಾರಿ ಆದಾಯದಲ್ಲಿ ಮದ್ಯ ಕುಡಿದವರ ಪಾಲಿದೆ. ಅದರಲ್ಲೊಂದು ಅಂಶ, ಅವರ ಗಾಡಿಯ ಎದುರು ಬರುವವರ ಜೀವ ಕಾಯಲು ಖರ್ಚಾಗಬೇಕು.